ಸಾಯ್ತವೆ ಅಂದ್ಕೊಂಡಿದ್ದ ಸೆಲ್ಸ್ ಸಾಯ್ಲಿಲ್ಲ

12 ಮಾರ್ಚ್ 2024, ಮಂಗಳವಾರ, ರಾತ್ರಿ 11.40

ಆಕ್ಸಿಜನ್ ಕಮ್ಮಿ ಮಾಡಿ ಇಟ್ಟಿದ್ದ ಸೆಲ್ಸ್‌ನ ಬ್ಲಾಟ್ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ, ಬೇಕಾದ್ದನ್ನ ಆಂಟಿಬಾಡಿಯಿಂದ ಗುರುತಿಸೋ ಟೆಸ್ಟು) ಇವತ್ತು ನೋಡಿ ತಲೆ ಕೆಟ್ಟೋಯ್ತು. ಬಿನಿಪ್3 ಅಂತ ಪ್ರೋಟೀನು, ಮೈಟೊಕಾಂಡ್ರಿಯಾದ ಹೊರಗಿನ ಪೊರೆ ಮೇಲೆ ಕೂತಿರತ್ತೆ, 194 ಅಮೈನೊ ಆಸಿಡ್ ಅಷ್ಟೇ, ಲೆಕ್ಕದ ಪ್ರಕಾರ 22 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ರ ಬ್ಯಾಂಡ್ ಬರ್ಬೇಕು, ನಂಗೆ ಬಂದಿದ್ದು 30ರ ಹತ್ರ ಒಂದು, 60ರ ಹತ್ರ ಇನ್ನೊಂದು. ಆಂಟಿಬಾಡಿ ಹಾಳಾಗಿದೆ ಅಂತ ಅರ್ಧ ದಿನ ಅದನ್ನೇ ಬೈದೆ. ಸಂಜೆ ಸೀನಿಯರ್ ಅಕ್ಕ ನೋಡಿ "ಮೇಲಿಂದು ಎರಡು ಬಿನಿಪ್3 ಸೇರಿದ ಜೋಡಿ ಕಣೇ, ಎಸ್‌ಡಿಎಸ್ ಡಿಟರ್ಜೆಂಟ್ ಹಾಕಿ ಕುದಿಸಿದ್ರೂ ಒಂದನ್ನೊಂದು ಬಿಡಲ್ಲ" ಅಂದ್ರು. ಪಾಪ ಆಂಟಿಬಾಡಿ.

ಖುಷಿ ಏನಂದ್ರೆ 21% ಆಕ್ಸಿಜನ್ (ಮಾಮೂಲಿ ಗಾಳಿ) ಸೆಲ್ಸ್‌ನ ಲೇನ್ ಹೆಚ್ಚುಕಮ್ಮಿ ಖಾಲಿ, 1%ನಲ್ಲಿ 24 ಗಂಟೆ ಇಟ್ಟಿದ್ದು ಕಪ್ಪಗೆ ಬಂದಿದೆ. ಆಕ್ಸಿಜನ್ ಇದ್ರೆ ಹಿಫ್-1 ಆಲ್ಫಾ ಅನ್ನೋ ಪ್ರೋಟೀನು ತಯಾರಾಗ್ತಿದ್ದ ಹಾಗೇ ಒಡೆದು ಹೋಗ್ತಿರತ್ತೆ, ಆಕ್ಸಿಜನ್ ಕಮ್ಮಿ ಆದ್ರೆ ಉಳ್ಕೊಂಡು ನ್ಯೂಕ್ಲಿಯಸ್ ಒಳಗೆ ಹೋಗಿ ಬಿನಿಪ್3 ಜೀನ್ ಆನ್ ಮಾಡತ್ತೆ (2019ರ ನೊಬೆಲ್ ಬಂದಿದ್ದು ಈ ಆಕ್ಸಿಜನ್ ಸೆನ್ಸಿಂಗ್ ವಿಷ್ಯಕ್ಕೇ). ಕಮ್ಮಿ ಆಕ್ಸಿಜನ್ ಚೇಂಬರ್ ಬಾಗ್ಲು ತೆಗೆದು ಹತ್ತು ನಿಮಿಷ ಹರಟೆ ಹೊಡೆದ್ರೆ ಹಿಫ್ ಬ್ಯಾಂಡ್ ಮಾಯ, ಹೋದ ತಿಂಗ್ಳು ನಂಗೇ ಆಗಿದೆ.

ಆದ್ರೆ ಸೆಲ್ಸ್? ಸತ್ತ ಸೆಲ್ಸ್‌ಗೆ ಮಾತ್ರ ಹಿಡಿಯೋ ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಿದ್ರೆ ನೀಲಿ ಆಗಿರೋದು ಬೆರಳೆಣಿಕೆಯಷ್ಟು. ಪ್ರೋಟೀನ್ ಇಷ್ಟು ಜಾಸ್ತಿ ಆಗಿದೆ, ಸಾವೇ ಇಲ್ಲ! 1994ರಲ್ಲಿ ಇದು ಸಿಕ್ಕಿದ್ದೇ ಬಿಸಿಎಲ್-2 ಅನ್ನೋ ಪ್ರೋಟೀನಿಗೆ, ಮತ್ತೆ ಅಡೆನೊವೈರಸ್‌ನ ಒಂದು ಪ್ರೋಟೀನಿಗೆ ಅಂಟ್ಕೊಳ್ಳತ್ತೆ ಅಂತ, ಅವೆರಡೂ ಸೆಲ್ ಸಾಯದ ಹಾಗೆ ತಡೆಯೋವು, ಹಂಗಾಗಿ ಇದು ಕೊಲೆಗಾರ ಅಂತ ನಾನೂ ನಂಬಿದ್ದೆ. ಆದ್ರೆ ಇದಕ್ಕೆ ಇನ್ನೊಂದು ಕೆಲ್ಸ ಇದೆ, ಎಲ್‌ಸಿ3 ಅನ್ನೋ ಪ್ರೋಟೀನನ್ನ ಹಿಡ್ಕೊಂಡು ಮೈಟೊಕಾಂಡ್ರಿಯಾನ ಆಟೋಫೇಜಿಗೆ (ಸೆಲ್ ತನ್ನದೇ ಭಾಗಗಳನ್ನ ಒಡೆದು ಮರುಬಳಕೆ ಮಾಡೋದು) ಒಪ್ಪಿಸೋದು. ಆಕ್ಸಿಜನ್ ಸಾಲದೆ ಇರೋವಾಗ ಫ್ರೀ ರ‍್ಯಾಡಿಕಲ್ ಉಗುಳ್ತಾ ಕೂತಿರೋ ಮೈಟೊಕಾಂಡ್ರಿಯಾ ಕಮ್ಮಿ ಆದ್ರೆ ಸೆಲ್‌ಗೆ ಒಳ್ಳೇದೇ ತಾನೆ.

ಹೃದಯದ ಸ್ನಾಯು ಸೆಲ್ಸ್‌ನಲ್ಲಿ ಬರೀ ಹೈಪಾಕ್ಸಿಯಾ (ಆಕ್ಸಿಜನ್ ಕೊರತೆ) ಇದ್ರೆ ಬಿನಿಪ್3 ಏರತ್ತೆ ಅಷ್ಟೇ, ಜೊತೆಗೆ ಆಸಿಡ್ ಆದ್ರೇನೇ ಅದು ಪೊರೆಗೆ ಗಟ್ಟಿಯಾಗಿ ಸೇರ್ಕೊಂಡು ಸೆಲ್ ಸಾಯೋದು ಅಂತ ಓದಿದ್ದು ಆಗ ನೆನಪಾಯ್ತು. ನಾನೋ ಆಸಿಡ್ ಆಗದ ಹಾಗೆ ತಡೆಯೋ ಹೆಪಿಸ್ ಬಫರ್ ಧಾರಾಳವಾಗಿ ಸುರಿದಿದ್ದೆ, ಮೀಡಿಯಾ (ಸೆಲ್ಸ್ ಬೆಳೆಸೋ ದ್ರವ) ಕೊನೇವರೆಗೂ ಕೆಂಪಗೇ ಇತ್ತು, ಹಳದಿ (ಅಂದ್ರೆ ಆಸಿಡ್) ಆಗಕ್ಕೆ ಬಿಟ್ಟೇ ಇಲ್ಲ.

ನಾಳೆ ಹೆಪಿಸ್ ಇಲ್ದೆ ಒಂದು ಸೆಟ್. ಆಸಿಡ್ ಒಂದೇ ಕೊಲ್ತಿದ್ಯಾ ಅಂತ ನೋಡಕ್ಕೆ 21%ನಲ್ಲೂ ಪಿಎಚ್ ಇಳಿಸಿ ಒಂದು ಪ್ಲೇಟ್ ಇಡ್ಬೇಕು, ಅದನ್ನ ಮರೀಬಾರ್ದು.