ಗಾಳಿ ಕುಡಿಯುತ್ತಿದ್ದ ಪಿಕಪ್ಪು

ಭಾನುವಾರ, 17 ನವೆಂಬರ್ 2024
ಕೊಪ್ಪ

ಬೆಳಗ್ಗೆ ಆರೂಕಾಲಿಗೆ ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಸ್ಟಾರ್ಟ್! ಖುಷಿಗೆ ಹಾರ್ನ್ ಬೇರೆ ಬಾರಿಸಿ ಮನೆಯವರ ಹತ್ತಿರ ಬೈಸಿಕೊಂಡೆ. ಹನ್ನೊಂದು ದಿನದಿಂದ ಈ ಗಾಡಿ ನನಗೆ ಕೊಟ್ಟ ಕಾಟ ಅವಳಿಗೂ ಗೊತ್ತು, ಆದರೂ ಭಾನುವಾರದ ನಿದ್ದೆ ನಿದ್ದೆಯೇ.

ನಮ್ಮದು ಹಳೇ ಡೀಸೆಲ್ ಪಿಕಪ್ಪು. ಅಪ್ಪ 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾಲ್ಕು ಸಿಲಿಂಡರ್, ಒಂದು ಪಂಪು, ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಲ್ಕು ನಾಜಲ್. ಸೆನ್ಸರ್ ಗಿನ್ಸರ್ ಯಾವುದೂ ಇಲ್ಲ. ಹೋದ ಬುಧವಾರದ ಹಿಂದಿನ ಬುಧವಾರ ತೋಟದಿಂದ ಅಡಿಕೆ ಕೊನೆ ತುಂಬಿಕೊಂಡು ಮನೆ ಏರು ಹತ್ತಿಸುವಾಗ ಎರಡು ಸಲ ಮುಗ್ಗರಿಸಿ ನಿಂತೇ ಹೋಯ್ತು. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಸೈಲೆನ್ಸರಿನಲ್ಲಿ ಒಂದೆಳೆ ಹೊಗೆಯೂ ಇಲ್ಲ. ಬಿಳಿ ಹೊಗೆಯಾದರೂ ಬಂದಿದ್ದರೆ ಡೀಸೆಲ್ ಒಳಗೆ ಹೋಗಿದೆ, ಉರಿಯುತ್ತಿಲ್ಲ ಅನ್ನಬಹುದಿತ್ತು. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ತಲುಪುತ್ತಿಲ್ಲ.

ಏರ್ ಹಿಡಿದಿದೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಅಂತ ಅಷ್ಟು ನನಗೂ ಗೊತ್ತಾಯ್ತು. ಡೀಸೆಲ್ ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲ ಮಾಡಿ ಪ್ರೈಮರ್ (ಡೀಸೆಲ್ ಎಳೆಯುವ ಕೈ ಪಂಪು) ಒತ್ತಿದೆ. ಮೊದಲು ಬುಸ್ ಅಂತ ಬರೀ ಗಾಳಿ, ಆಮೇಲೆ ಬೀರಿನ ಹಾಗೆ ನೊರೆ, ಕೊನೆಗೆ ನೊರೆಯಿಲ್ಲದ ಡೀಸೆಲ್. ಬೋಲ್ಟ್ ಬಿಗಿದು ಹೊಡೆದರೆ ಸ್ಟಾರ್ಟ್. ಗೆದ್ದೆ ಅಂದುಕೊಂಡೆ. ಮರುದಿನ ಬೆಳಗ್ಗೆ ಮತ್ತೆ ಅದೇ ಕತೆ.

ಹಳೇ ಕಾಲದ ನಾಜಲ್ ತೆರೆದು ಡೀಸೆಲ್ ಚಿಮ್ಮಬೇಕಾದರೆ ಸುಮಾರು 200 ಬಾರ್ ಒತ್ತಡ ಬೇಕು, ಕಾರಿನ ಟೈರಿಗೆ ಹಿಡಿಸುವ ಗಾಳಿಗಿಂತ ಹತ್ತಿರ ಹತ್ತಿರ ನೂರು ಪಟ್ಟು. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಪಂಪು ಒತ್ತಿದಷ್ಟೂ ಆ ಗಾಳಿ ಕುಗ್ಗುತ್ತದೆಯೇ ಹೊರತು ಬೇಕಾದಷ್ಟು ಒತ್ತಡ ಏರುವುದಿಲ್ಲ. ನಾಜಲ್ ಬಾಯಿ ಬಿಡುವುದಿಲ್ಲ.

ಆ ಗಾಳಿ ಎಲ್ಲಿಂದ ಬರ್ತಿದೆ? ಇಲ್ಲೇ ನಾನು ದಡ್ಡನಾಗಿದ್ದು. ಸೋರುವ ಜಾಗ ಹುಡುಕುತ್ತಾ ನಾಲ್ಕು ದಿನ ಕಳೆದೆ. ರಾತ್ರಿ ಗಾಡಿ ಅಡಿಗೆ ಪೇಪರ್ ಹಾಸಿಟ್ಟೆ, ಬೆಳಗ್ಗೆ ನೋಡಿದರೆ ಒಂದು ಹನಿಯೂ ಇಲ್ಲ. ಫಿಲ್ಟರ್ ಹೊಸದು ಹಾಕಿದೆ, ಹಳೇ ತಾಮ್ರದ ವಾಷರ್ ಬಿಸಾಡಿ ಹೊಸದು ಕೂರಿಸಿದೆ. ಸಿಟ್ಟಿಗೆ ಬೇರೆ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದೆ. ಎರಡು ದಿನ ಗಾಡಿ ಸರಿಯಾಗಿ ಓಡಿತು ನೋಡಿ! ಹಾಗಾದರೆ ಮೊದಲಿನ ಬಂಕಿನವರ ಡೀಸೆಲ್ಲೇ ಕಲಬೆರಕೆ ಅಂತ ತೀರ್ಮಾನ ಮಾಡಿ, ಪಕ್ಕದ ತೋಟದವರಿಗೂ ಅಲ್ಲಿ ಹಾಕಿಸಬೇಡಿ ಅಂದುಬಿಟ್ಟೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದದ್ದೇ, ಮತ್ತೆ ಶುರು. ಯಾರೋ ಪಂಪು ಬಿಚ್ಚಿಸಿ ಅಂದರು. (1951ರಲ್ಲಿ ಶುರುವಾದ, ಡೀಸೆಲ್ ಪಂಪು ಮಾಡುವ ಬೆಂಗಳೂರಿನ ಕಂಪನಿ ಮೈಕೋ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ನಮ್ಮ ಕಡೆ ಪಂಪು ಮಾತ್ರ ಇವತ್ತಿಗೂ ಮೈಕೋ ಪಂಪೇ.) ಪಂಪಿಗೆ ಕೈ ಹಾಕಿದರೆ ಎಷ್ಟು ಸಾವಿರ ಅಂತ ನೆನೆದೇ ಸುಮ್ಮನಾದೆ.

ನಿನ್ನೆ ಮಧ್ಯಾಹ್ನ ಗಾಡಿ ರಿಪೇರಿಯ ಮೇಸ್ತ್ರಿ ಬಂದರು. ಬಾನೆಟ್ ಎತ್ತುವ ಮೊದಲೇ ನನ್ನ ಪೇಪರ್ ನೋಡಿ ನಕ್ಕರು. "ಎಂತ ಮಾರಾಯ್ರೆ, ಟ್ಯಾಂಕಿಂದ ಪಂಪಿನವರೆಗೆ ಡೀಸೆಲ್ ಎಳ್ಕೊಂಡು ಬರೋದು. ಎಳೆಯೋ ಪೈಪಲ್ಲಿ ತೂತಾದ್ರೆ ಸೋರೋದಲ್ಲ, ಗಾಳಿ ಒಳಗೆ ಹೋಗೋದು. ಒಣಗಿದ ಜಾಗ ನೋಡಿ."

ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿ ಬ್ಯಾಟರಿ ಪಕ್ಕ ಎತ್ತರದಲ್ಲಿ ಕಟ್ಟಿದರು. ಟ್ಯಾಂಕಿನ ಪೈಪ್ ಕಳಚಿ, ಕ್ಯಾನಿನಿಂದ ನೇರ ಪಂಪಿಗೆ ಕೊಟ್ಟು, ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಇಳಿಸಿದರು. ಇಂಜಿನ್ ಮುಕ್ಕಾಲು ಗಂಟೆ ಮುಗ್ಗರಿಸದೆ ಓಡಿತು. ಪಂಪು ಸರಿ, ನಾಜಲ್ ಸರಿ. ಮತ್ತೆ ಟ್ಯಾಂಕಿನ ಪೈಪಿಗೆ ಜೋಡಿಸಿ ನಡುವೆ ಒಂದು ಗೇಣು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿದರು. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು, ಸೋಡಾ ಹಾಗೆ. ಹನ್ನೊಂದು ದಿನದ ಕಳ್ಳ ಕಣ್ಣೆದುರೇ ಓಡಾಡುತ್ತಿದ್ದ.

ಚಾಸಿಯ ಕಬ್ಬಿಣದ ಪೈಪು ಮುಗಿದು ಇಂಜಿನ್ ಕಡೆಗೆ ರಬ್ಬರ್ ಹೋಸ್ ಶುರುವಾಗುವ ಕಡೆ, ಕ್ಲಿಪ್ಪಿನ ಬುಡದಲ್ಲಿ, ಚಾಸಿಗೆ ಮುಖ ಮಾಡಿದ ಬದಿ. ಮೇಲಿಂದ ನೋಡಿದರೆ ಹೋಸ್ ಚೆನ್ನಾಗೇ ಇತ್ತು. ಕಳಚಿ ತಂದು ಬೆರಳಲ್ಲಿ ಬಗ್ಗಿಸಿದಾಗ ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಾಯಿ ಬಿಟ್ಟಿತು. ಟ್ಯಾಂಕ್ ತುಂಬಿದ್ದಾಗ ಎಳೆತ ಕಡಿಮೆ, ಗಾಳಿ ಅಷ್ಟಾಗಿ ನುಗ್ಗುತ್ತಿರಲಿಲ್ಲ. ಡೀಸೆಲ್ ಕೆಳಗಿಳಿದಷ್ಟೂ ಎಳೆತ ಜಾಸ್ತಿ. ರಾತ್ರಿ ಗಾಡಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಸೇರಿ ಪೈಪಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್.

ಒಂದೂವರೆ ಅಡಿ ಡೀಸೆಲ್ ಹೋಸ್, ಎರಡು ಕ್ಲಿಪ್, ಮೇಸ್ತ್ರಿಗೆ ಕೂಲಿ, ಮನೆಯಲ್ಲಿ ಒಂದು ಕಾಫಿ. ಅಷ್ಟೇ ಖರ್ಚು. ಫಿಲ್ಟರಿಗೆ ಅದಕ್ಕಿಂತ ಜಾಸ್ತಿ ಸುರಿದಿದ್ದೆ.

ಟ್ಯಾಂಕಿನಲ್ಲೀಗ ಕಾಲು ಭಾಗವೂ ಇಲ್ಲ. ಬೇಕಂತಲೇ ಹಾಗೇ ಬಿಟ್ಟಿದ್ದೇನೆ. ನಾಳೆ, ನಾಡಿದ್ದು ಹೀಗೇ ಸ್ಟಾರ್ಟ್ ಆದರೆ ಆ ಹಳೇ ಬಂಕಿಗೇ ಹೋಗಿ ಹಾಕಿಸಬೇಕು. ಪಕ್ಕದ ತೋಟದವರಿಗೆ ಏನು ಹೇಳೋದು ಅಂತ ಇನ್ನೂ ಹೊಳೆದಿಲ್ಲ.