ಬಾಲ ಸೈನಿಕರ ಪದ್ಯಗಳಲ್ಲಿ ದೊಡ್ಡವರನ್ನು ಹುಡುಕುತ್ತಾ: ಆಟಿಯವರೆಗಿನ ಕೆಲಸ

ಯಕ್ಷಗಾನ ಮೇಳಗಳೆಲ್ಲ ಮೇ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಶುರು ಮಾಡಿದ ಕೆಲಸ ಇದು. ಬಾಲ್ಯದ ಬಗ್ಗೆ, ಬಾಲ ಸೈನಿಕರ ಬಗ್ಗೆ ಬಂದ ಪದ್ಯ, ಭಾಷಣ, ಪೋಸ್ಟರು, ವಿಡಿಯೊ ಎಲ್ಲವನ್ನೂ ಒಂದು ಕಡೆ ಸೇರಿಸುವುದು. ಅವು ನಮ್ಮ ಮನಸ್ಸನ್ನು ಯಾವ ಮಾತಿನಿಂದ, ಹೇಗೆ ತಿರುಗಿಸುತ್ತವೆ ಎಂದು ಸಾಲು ಸಾಲಾಗಿ ಬಿಡಿಸಿ ನೋಡುವುದು. ನಾನು, ಪಿಯುಸಿ ಓದುವ ಅಕ್ಕನ ಮಗಳು, ಅವಳ ಇಬ್ಬರು ಗೆಳತಿಯರು. ಭಾನುವಾರ ಮಧ್ಯಾಹ್ನ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಕೂರುತ್ತೇವೆ. ಈಗ ಆಟಿ, ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳು, ಮುಗಿಯುತ್ತಾ ಬಂತು. ನೋಟ್‌ಬುಕ್ ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಇಲ್ಲಿಯವರೆಗೆ ಸಿಕ್ಕಿದ್ದನ್ನು ಬರೆದಿಡುತ್ತೇನೆ.

ಅಕ್ಕನ ಮಗಳಿಗೆ ಕಾಲೇಜಿನಲ್ಲಿ ಮಕ್ಕಳ ಹಕ್ಕುಗಳ ಬಗ್ಗೆ ಭಾಷಣ ಮಾಡಲಿಕ್ಕಿತ್ತು. ಅದಕ್ಕೆ ಅಂತ ಹುಡುಕಿದ ಪದ್ಯಗಳನ್ನು ಓದುತ್ತಾ ಓದುತ್ತಾ ಕೇಳಿದಳು: "ಚಿಕ್ಕಿ, ಇದೆಲ್ಲ ಒಂದೇ ಥರ ಉಂಟಲ್ವಾ?" ಹೌದು. ಪುಟ್ಟ ಕೈ, ದೊಡ್ಡ ಬಂದೂಕು. ಗೊಂಬೆ ಇರಬೇಕಾದಲ್ಲಿ ಗುಂಡು. ಕಣ್ಣಲ್ಲಿ ಕನಸಿನ ಬದಲು ಹೊಗೆ. ಓದಿದರೆ ಹೊಟ್ಟೆ ಕಿವುಚುತ್ತದೆ, ಖಂಡಿತ. ಆದರೆ ಬೇರೆ ಬೇರೆ ದೇಶದವರು ಬೇರೆ ಬೇರೆ ಯುದ್ಧದ ಬಗ್ಗೆ ಬರೆದದ್ದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಯಾಕೆ ಬರುತ್ತದೆ? ಆ ಪ್ರಶ್ನೆ ಹಿಡಿದೇ ಹೊರಟೆವು.

ಮಳೆ ಹಿಡಿದ ಮೇಲೆ: ಮೊದಲು ಬರೀ ಬಾಲ್ಯ

ಯುದ್ಧಕ್ಕೆ ಹೋಗುವ ಮೊದಲು ಬಾಲ್ಯದ ಪದ್ಯಗಳನ್ನೇ ಓದೋಣ ಎಂದುಕೊಂಡೆವು. ಬಾಲ್ಯ ಅಂದರೆ ಏನು ಎಂದು ಕವಿ ನಂಬಿದ್ದಾನೋ ಅದರ ಮೇಲೆ ತಾನೆ ಉಳಿದ ಮಾತೆಲ್ಲ ನಿಲ್ಲುವುದು. ನಮ್ಮ ಕಡೆಯಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ನಾಗರಹಾವಿನ ಪದ್ಯ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ಅಪಾಯ ಇಲ್ಲವೆಂದಲ್ಲ. ಹಾವು ಹಾವೇ. ಆದರೆ ಅದನ್ನು ಬಾ ಬಾ ಎಂದು ಕರೆಯುವುದೂ, ಕೊನೆಗೆ ಪೋ ಪೋ ಎಂದು ಕಳಿಸುವುದೂ ಮಗುವಿನ ಕೈಯಲ್ಲಿದೆ. ಭಯವನ್ನು ಹತ್ತಿರ ಕರೆದು, ಸಾಕಾದಾಗ ದೂರ ಅಟ್ಟುವ ಅಧಿಕಾರ.

ಬಾಲ ಸೈನಿಕರ ಪದ್ಯಗಳಲ್ಲಿ ಹೋಗುವುದು ಇದೇ. ಆಟಿಕೆ ಹೋಯಿತು, ಶಾಲೆ ಹೋಯಿತು, ಅಮ್ಮ ಹೋದಳು ಎಂದು ಪದ್ಯಗಳು ಪಟ್ಟಿ ಮಾಡುತ್ತವೆ. "ಪೋ" ಎನ್ನುವ ಅಧಿಕಾರ ಹೋಯಿತು ಎಂದು ಹೇಳಿದ ಪದ್ಯ ತೀರಾ ಕಡಿಮೆ. ಈ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿದ್ದೇವೆ.

ಮಗುವನ್ನು ತೊಡೆ ಮೇಲೆ ಕೂರಿಸಿ

ಪೋಸ್ಟರುಗಳ ಸರದಿ ಬಂದಾಗ ನಾನೇ ಒಂದನ್ನು ಮುಂದಿಟ್ಟೆ. ಮೊದಲ ಮಹಾಯುದ್ಧದ ಕಾಲದ್ದು, 1915ರ ಬ್ರಿಟನ್ನಿನ ಪೋಸ್ಟರು. ಒಬ್ಬ ಅಪ್ಪ ಆರಾಮಕುರ್ಚಿಯಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಮಗಳು, ಪುಸ್ತಕ ಹಿಡಿದುಕೊಂಡು. ಕೆಳಗೆ ನೆಲದ ಮೇಲೆ ಮಗ ಗೊಂಬೆ ಸೈನಿಕರನ್ನು ಸಾಲಾಗಿ ಜೋಡಿಸುತ್ತಿದ್ದಾನೆ. ಮಗಳ ಪ್ರಶ್ನೆ: ಅಪ್ಪಾ, ದೊಡ್ಡ ಯುದ್ಧದಲ್ಲಿ ನೀನು ಏನು ಮಾಡಿದೆ? ಅಪ್ಪ ಮಗಳನ್ನು ನೋಡುತ್ತಿಲ್ಲ. ನೇರ ನಮ್ಮನ್ನು ನೋಡುತ್ತಿದ್ದಾನೆ.

ಆಗ ಅಲ್ಲಿ ಕಡ್ಡಾಯ ಸೇನಾಭರ್ತಿ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಜನ ತಾವಾಗಿಯೇ ಬರಬೇಕಿತ್ತು, ಬರಿಸಲಿಕ್ಕೆ ಮಾತು ಬೇಕಿತ್ತು. ಈ ಚಿತ್ರದಲ್ಲಿ "ಸೇನೆಗೆ ಸೇರು" ಎಂಬ ಒಂದು ಶಬ್ದವೂ ಇಲ್ಲ. ಯುದ್ಧ ಮುಗಿದು ಹೋಗಿದೆ, ಗೆದ್ದೂ ಆಗಿದೆ, ಮಕ್ಕಳು ಪಾಠ ಓದುತ್ತಿದ್ದಾರೆ ಎಂದು ಮೊದಲೇ ಒಪ್ಪಿಸಿಬಿಡುತ್ತದೆ. ಉಳಿಯುವುದು ನಾಚಿಕೆ ಒಂದೇ. ಆ ನಾಚಿಕೆಯನ್ನು ಮಗುವಿನ ಬಾಯಿಂದ ಕೇಳಿಸುತ್ತದೆ.

ಹುಡುಗಿಯರು ತುಂಬಾ ಹೊತ್ತು ನೋಡಿದ್ದು ಮಗಳನ್ನಲ್ಲ, ನೆಲದ ಮೇಲಿನ ಹುಡುಗನನ್ನು. ಅವನಿಗೆ ಯಾರೂ ಏನೂ ಹೇಳಿಕೊಡುತ್ತಿಲ್ಲ. ಸುಮ್ನೆ ಆಡುತ್ತಿದ್ದಾನೆ. ಆದರೆ ಅಪ್ಪನ ಮೌನದಿಂದ ಅವನು ಕಲಿಯುತ್ತಿರುವುದೇನು ಎಂದು ಅವರು ಕೇಳಿದರು. ಅದೇ ವರ್ಷ, 1915ರ ಆಗಸ್ಟಿನಲ್ಲಿ, ಸಿಡ್ನಿ ಲೂಯಿಸ್ ಎಂಬ ಹುಡುಗ 12ನೇ ವಯಸ್ಸಿನಲ್ಲೇ ಬ್ರಿಟಿಷ್ ಸೇನೆಗೆ ಸೇರಿದ. 13ರಲ್ಲಿ ಸೋಮ್ ಯುದ್ಧದಲ್ಲಿ ಹೋರಾಡಿದ. ಸೇರಲು ಕಾನೂನಿನ ವಯಸ್ಸು 18, ಹೊರದೇಶಕ್ಕೆ ಕಳಿಸಲು 19. ಅವನ ಮುಂದೆ ಅರ್ಜಿ ಇಟ್ಟು, ಮುಖ ನೋಡಿ, ಸರಿ ಎಂದು ಬರೆದುಕೊಂಡವರು ಇದ್ದರು. ಬಾಲ ಸೈನಿಕ ಅಂದ ಕೂಡಲೇ ಆಫ್ರಿಕಾ ಒಂದೇ ಕಣ್ಣೆದುರು ಬರುವುದೂ ನಮ್ಮ ಮೇಲೆ ಆದ ಮಾತಿನ ಪ್ರಭಾವವೇ ಎಂದು ಅವತ್ತು ಅನ್ನಿಸಿತು.

ಮುಂದಿನ ವಾರ "ಕೋನಿ 2012" ವಿಡಿಯೊ ನೋಡಿದೆವು. ಉಗಾಂಡದಲ್ಲಿ ಮಕ್ಕಳನ್ನು ಅಪಹರಿಸಿ ಪಡೆ ಕಟ್ಟಿದ ಜೋಸೆಫ್ ಕೋನಿಯನ್ನು ಹಿಡಿಯಬೇಕು ಎಂದು 2012ರ ಮಾರ್ಚಿನಲ್ಲಿ ಬಂದದ್ದು. ವಾರದೊಳಗೆ 10 ಕೋಟಿ ಸಲ ನೋಡಿದ್ದರು ಜನ. ಅದರಲ್ಲಿ ನಿರ್ದೇಶಕ ತನ್ನ ಪುಟ್ಟ ಮಗನನ್ನು ಎದುರಿಗೆ ಕೂರಿಸಿಕೊಂಡು, ಕೋನಿಯ ಫೋಟೊ ತೋರಿಸಿ, ಇವನು ಕೆಟ್ಟವನು ಎಂದು ವಿವರಿಸುತ್ತಾನೆ. ಅಕ್ಕನ ಮಗಳು ಅಲ್ಲಿಗೇ ನಿಲ್ಲಿಸಿ, "ಆ ಪೋಸ್ಟರೇ ಅಲ್ವಾ ಇದು?" ಎಂದಳು. ಸುಮಾರು ನೂರು ವರ್ಷದ ಅಂತರ. ಒಂದು ಯುದ್ಧಕ್ಕೆ ಕರೆಯುತ್ತದೆ, ಇನ್ನೊಂದು ಯುದ್ಧದಿಂದ ಮಕ್ಕಳನ್ನು ಬಿಡಿಸಲಿಕ್ಕೆ. ದಾರಿ ಮಾತ್ರ ಒಂದೇ. ಏನೂ ಅರಿಯದ ಮಗುವಿನ ಎದುರು ಯಾವ ಅಪ್ಪ ತಾನೆ ಇಲ್ಲ ಅಂದಾನು?

ಈ ವಿಡಿಯೊವನ್ನು ಉತ್ತರ ಉಗಾಂಡದ ಲಿರಾ ಪಟ್ಟಣದಲ್ಲಿ ತೋರಿಸಿದಾಗ ಜನ ಸಿಟ್ಟಾದರು. ಮಕ್ಕಳನ್ನು ಕಳೆದುಕೊಂಡವರು ಅವರು. ತಮ್ಮ ಕಥೆಯಲ್ಲಿ ಮುಖ್ಯ ಆದದ್ದು ಹೊರಗಿನವರು ಎಂಬುದು ಅವರ ದೂರು. ಕೋನಿಯ ಪಡೆ ಆಗಲೇ ಉಗಾಂಡ ಬಿಟ್ಟು ಸುತ್ತಲಿನ ದೇಶಗಳ ಕಾಡು ಸೇರಿ ವರ್ಷಗಳಾಗಿದ್ದವು. ಆ ವಿಡಿಯೊ ದೊಡ್ಡವರನ್ನು ಮರೆತಿಲ್ಲ, ಒಬ್ಬನನ್ನು ತೋರಿಸುತ್ತದೆ. ಆದರೆ ಒಬ್ಬ ರಾಕ್ಷಸನನ್ನು ಇಷ್ಟು ದೊಡ್ಡದಾಗಿ ತೋರಿಸಿದಾಗ, ಆಯುಧ ಕೊಟ್ಟವರು, ಕಂಡೂ ಸುಮ್ಮನಿದ್ದವರು ಎಲ್ಲ ಅವನ ನೆರಳಿಗೆ ಸರಿದುಬಿಡುತ್ತಾರೆ.

ಇಲ್ಲಿಂದ ನೋಟ್‌ಬುಕ್ಕಿಗೆ ಹೊಸ ಕಾಲಂ ಬಂತು. ಯಾರು ಮಾತಾಡುತ್ತಾರೆ, ಯಾರಿಗೆ, ಏನು ಮಾಡಿಸಲಿಕ್ಕೆ ಎಂಬ ಕಾಲಂಗಳು ಮೊದಲೇ ಇದ್ದವು. ಈಗ ಇನ್ನೊಂದು: ದೊಡ್ಡವರು ಎಲ್ಲಿದ್ದಾರೆ?

ಹಳೆಯ ಪುಟಗಳಿಗೆ ಹಿಂದೆ ಹೋಗಿ ಈ ಕಾಲಂ ತುಂಬಿಸಿದೆವು. ಹೆಚ್ಚಿನ ಪದ್ಯಗಳ ಎದುರು ಖಾಲಿ. ಬಂದೂಕು ತಾನೇ ಬಂದು ಮಗುವಿನ ಕೈ ಸೇರಿದ ಹಾಗೆ. ಯುದ್ಧವೇ ಬಾಲ್ಯವನ್ನು ಕದ್ದ ಹಾಗೆ. ಯುದ್ಧ ಮಕ್ಕಳ ಮೇಲೆ ಮಾಡುವ ಪರಿಣಾಮದ ಬಗ್ಗೆ ವಿಶ್ವಸಂಸ್ಥೆಗೆ 1996ರಲ್ಲಿ ಮೊಜಾಂಬಿಕ್‌ನ ಗ್ರಾಸಾ ಮಾಷೆಲ್ ಕೊಟ್ಟ ವರದಿಯಲ್ಲಿ ಒಂದು ವಿಷಯ ಇದೆ, ಎಕೆ-47 ಬಂದೂಕನ್ನು 10 ವರ್ಷದ ಮಗು ಕೂಡ ಬಿಚ್ಚಿ ಜೋಡಿಸಬಹುದು ಎಂದು. ವರದಿಯಲ್ಲಿ ಅದು ಕಾರಣ ಹೇಳುವ ಮಾತು. ಹಗುರ ಆಯುಧ ಅಗ್ಗಕ್ಕೆ ಎಲ್ಲೆಡೆ ಸಿಗುತ್ತದೆ, ಹಾಗಾಗಿ ದಂಡನಾಯಕರಿಗೆ ಮಕ್ಕಳು ಉಪಯೋಗಕ್ಕೆ ಬರುತ್ತಾರೆ. ಭಾಷಣಗಳಲ್ಲಿ ಮಾತ್ರ ಅದರ ಮೊದಲರ್ಧ ಉಳಿದು, ಮಾರಿದವನೂ ಕೊಟ್ಟವನೂ ಬಿದ್ದುಹೋಗುತ್ತಾರೆ.

ಮಾಸ್ಟ್ರು ಬಂದ ಭಾನುವಾರ

ಕೆಲಸಕ್ಕೆ ನಿಜವಾದ ತಿರುವು ಸಿಕ್ಕಿದ್ದು ಇಲ್ಲಿ. ನಮ್ಮ ನೆರೆಮನೆಯ ಮಾಸ್ಟ್ರು ನಿವೃತ್ತರು, ಮಳೆಗಾಲದಲ್ಲಿ ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಅರ್ಥ ಹೇಳಲು (ಪಾತ್ರದ ಮಾತಾಡಲು) ಹೋಗುತ್ತಾರೆ. ಜಗಲಿಯಲ್ಲಿ ನಮ್ಮ ಮಾತು ಕೇಳಿ ಬಂದು ಕೂತರು. "ಬಾಲ ಸೈನಿಕನನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವುದು ಯಾಕೆ ಮಾರಾಯ್ತಿ? ಅಭಿಮನ್ಯುವಿಗೆ ಎಷ್ಟು ವರ್ಷ?" ಎಂದರು.

ಹದಿನಾರು. ಯಕ್ಷಗಾನದ ಅಭಿಮನ್ಯು ಕಾಳಗ ನೋಡದವರು ಯಾರು ಇಲ್ಲಿ? ಪುಂಡುವೇಷ, ಅಂದರೆ ಎಳೆಯ ವೀರನ ವೇಷ, ರಂಗಕ್ಕೆ ಬಂದು ಗಿರಕಿ ಹಾಕುವಾಗ ಚೆಂಡೆಯ ಜೊತೆ ನಮ್ಮ ಎದೆಯೂ ಬಡಿಯುತ್ತದೆ. ಅದೂ ಮನವೊಲಿಸುವ ಮಾತೇ, ಮಾತಿಲ್ಲದ್ದು. ನಾಲ್ಕು ಜನರೂ ಅದಕ್ಕೆ ಚಪ್ಪಾಳೆ ತಟ್ಟಿದವರೇ.

ಮಾಸ್ಟ್ರು ಹೇಳಿದ್ದು ಬೇರೆ. "ಅಭಿಮನ್ಯುವಿನ ಅರ್ಥ ಹೇಳಬಹುದು. ಉತ್ಸಾಹ ಇದ್ದರೆ ಆಯಿತು. ಧರ್ಮರಾಯನ ಅರ್ಥ ಹೇಳುವುದು ಕಷ್ಟ. ಅವನು ಆ ಹುಡುಗನ ಮುಖ ನೋಡಿ ಕೇಳಬೇಕಲ್ಲ."

ಅಲ್ಲೇ ಧರ್ಮರಾಯನ ಮಾತನ್ನು ಬಿಡಿಸಿದೆವು. ಕುರುಕ್ಷೇತ್ರ ಯುದ್ಧದ ಹದಿಮೂರನೇ ದಿನ. ಗೆಲ್ಲದೆ ಮರಳುವುದಿಲ್ಲ ಎಂದು ಶಪಥ ಮಾಡಿದ ಸಂಶಪ್ತಕರು ಅರ್ಜುನನನ್ನು ದೂರ ಎಳೆದುಕೊಂಡು ಹೋಗಿದ್ದಾರೆ. ದ್ರೋಣರು ಚಕ್ರವ್ಯೂಹ ಒಡ್ಡಿದ್ದಾರೆ. ಧರ್ಮರಾಯ ಮೊದಲು ಹೊಗಳುತ್ತಾನೆ: ಇದನ್ನು ಒಡೆಯಬಲ್ಲವರು ಅರ್ಜುನ, ಕೃಷ್ಣ, ಪ್ರದ್ಯುಮ್ನ, ನೀನು, ಇಷ್ಟೇ ಜನ. ಆಮೇಲೆ ಮರ್ಯಾದೆ: ಅರ್ಜುನ ಬಂದು ನಮ್ಮನ್ನು ಹಳಿಯದ ಹಾಗೆ ಮಾಡು. ಹುಡುಗ ನಿಜ ಹೇಳುತ್ತಾನೆ: ಒಳಗೆ ಹೋಗಲಿಕ್ಕೆ ಕಲಿತಿದ್ದೇನೆ, ಹೊರಗೆ ಬರಲಿಕ್ಕೆ ಗೊತ್ತಿಲ್ಲ. ಆಗ ಭರವಸೆ: ನೀನು ದಾರಿ ಮಾಡು, ನಿನ್ನ ಬೆನ್ನಿಗೆ ನಾವಿದ್ದೇವೆ. ಭೀಮನೂ ಅದಕ್ಕೆ ದನಿಗೂಡಿಸುತ್ತಾನೆ. ಹೊಗಳಿಕೆ, ಮರ್ಯಾದೆ, ಭರವಸೆ. ಇವತ್ತು ಮಕ್ಕಳನ್ನು ಪಡೆಗೆ ಸೇರಿಸುವವರು ಆಡುವುದೂ ಇದೇ ಮೂರು ಮಾತು. ಬೆನ್ನಿಗೆ ಬರುತ್ತೇವೆ ಎಂದವರನ್ನು ಜಯದ್ರಥ ಬಾಗಿಲಲ್ಲೇ ತಡೆದ.

ಆದರೆ ಇಲ್ಲಿ ಆ ಕಾಲಂ ಖಾಲಿ ಇಲ್ಲ. ದೊಡ್ಡವರು ರಂಗದ ಮೇಲೇ ನಿಂತಿದ್ದಾರೆ. ವ್ಯಾಸರ ದ್ರೋಣಪರ್ವದಲ್ಲಿ ಹುಡುಗ ಸತ್ತ ಮೇಲೆ ಧರ್ಮರಾಯ ಅಳುವ ಒಂದು ಶ್ಲೋಕವನ್ನು ಮಾಸ್ಟ್ರು ನೆನಪಿನಿಂದಲೇ ಹೇಳಿ ಅರ್ಥ ಬಿಡಿಸಿದರು. ಊಟದಲ್ಲಿ, ವಾಹನದಲ್ಲಿ, ಹಾಸಿಗೆಯಲ್ಲಿ, ಒಡವೆಯಲ್ಲಿ ಯಾರನ್ನು ಮುಂದಿಡಬೇಕಿತ್ತೋ, ಆ ಬಾಲಕನನ್ನು ನಾವು ಯುದ್ಧದಲ್ಲಿ ಮುಂದಿಟ್ಟೆವು. ಬಾಲ್ಯ ಹೋಯಿತು ಎಂದು ಎಲ್ಲ ಪದ್ಯಗಳೂ ಹೇಳುತ್ತವೆ. ಇಲ್ಲಿ "ನಾವು ಮುಂದಿಟ್ಟೆವು" ಎಂದಿದೆ. ಕಳಿಸಿದವನೇ ತನ್ನ ಬಾಯಲ್ಲಿ ಹೇಳುತ್ತಾನೆ. ಇಷ್ಟು ದಿನ ಓದಿದ್ದರಲ್ಲಿ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿದ ಸಾಲು ಬೇರೆ ಇಲ್ಲ.

ವಯಸ್ಸಿನ ಲೆಕ್ಕ

ಇದನ್ನು ಬೇಗ ಮುಗಿಸುತ್ತೇನೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 38ನೇ ವಿಧಿ 15ಕ್ಕಿಂತ ಕೆಳಗಿನವರು ನೇರ ಯುದ್ಧದಲ್ಲಿ ಇರಬಾರದು ಎನ್ನುತ್ತದೆ. ಆ ಒಡಂಬಡಿಕೆಗೆ ಪೂರಕವಾಗಿ ಬಂದ 2000ದ ಐಚ್ಛಿಕ ಪ್ರೋಟೊಕಾಲ್ ಅದನ್ನು 18ಕ್ಕೆ ಏರಿಸಿತು. 2002ರ ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಭಾರತ 2005ರಲ್ಲಿ ಒಪ್ಪಿತು. ಗೆಳತಿಯರಲ್ಲಿ ಒಬ್ಬಳು ತಕ್ಷಣ ಲೆಕ್ಕ ಹಾಕಿದಳು: ಮೊದಲನೆಯದರ ಪ್ರಕಾರ ಅಭಿಮನ್ಯು ಹೋಗಬಹುದು, ಎರಡನೆಯದರ ಪ್ರಕಾರ ಹೋಗಬಾರದು.

ಅದಕ್ಕಿಂತ ಕಷ್ಟದ ಲೆಕ್ಕ ಡೊಮಿನಿಕ್ ಓಂಗ್ವೆನ್‌ನದ್ದು. ಸುಮಾರು 9 ವರ್ಷದವನಿದ್ದಾಗ ಕೋನಿಯ ಪಡೆ ಅವನನ್ನು ಅಪಹರಿಸಿತು. ಅಲ್ಲೇ ಬೆಳೆದು ದಂಡನಾಯಕನಾದ. 2021ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಅವನನ್ನು ಅಪರಾಧಿ ಎಂದು ಹೇಳಿ 25 ವರ್ಷ ಶಿಕ್ಷೆ ಕೊಟ್ಟಿತು. ಅಪರಾಧಗಳಲ್ಲಿ ಮಕ್ಕಳನ್ನು ಪಡೆಗೆ ಸೇರಿಸಿದ್ದೂ ಒಂದು. ಅವನ ಕಳೆದುಹೋದ ಬಾಲ್ಯವನ್ನು ನೋಡಿ ಶಿಕ್ಷೆ ಕಡಿಮೆ ಮಾಡಿದರು, ಅಪರಾಧ ಕಡಿಮೆ ಮಾಡಲಿಲ್ಲ. ನಾವು ಓದಿದ ಪದ್ಯಗಳಲ್ಲಿ ಮಗು ಯಾವತ್ತೂ ಮಗುವೇ. ಅದು ಬೆಳೆದು ದೊಡ್ಡವರ ಕಾಲಂಗೆ ದಾಟಿದ ಮೇಲೆ ಯಾವ ಕವಿಯೂ ಜೊತೆಗೆ ಬರುವುದಿಲ್ಲ. ಈ ಪುಟದ ಮೇಲೆ ನಮ್ಮಲ್ಲೇ ಜಗಳ ಆಯಿತು. ಒಬ್ಬಳಿಗೆ ಅವನ ಮೇಲೆ ಕರುಣೆ, ಇನ್ನೊಬ್ಬಳಿಗೆ ಅವನು ಹಾಳು ಮಾಡಿದ ಮನೆಗಳ ಚಿಂತೆ. ಇಬ್ಬರ ಮಾತನ್ನೂ ಹಾಗೆಯೇ ಬರೆದಿಟ್ಟಿದ್ದೇವೆ.

ಅವಳ ಪದ್ಯ

ಅಕ್ಕನ ಮಗಳು ಶುರುವಿನಲ್ಲಿ ಭಾಷಣದ ಕೊನೆಗೆ ಅಂತ ನಾಲ್ಕು ಸಾಲು ಬರೆದಿದ್ದಳು.

ಆಟಿಕೆ ಹಿಡಿಯುವ ಕೈಯಲಿ ಬಂದೂಕು
ಕನಸಿನ ಕಣ್ಣಲಿ ಕಪ್ಪನೆ ಹೊಗೆಯು
ಯಾರು ಕದ್ದರೋ ನಿನ್ನಯ ಬಾಲ್ಯ
ಮರಳಿ ಬಾ ಮಗುವೆ ಮನೆಗೆ

ಓದಲು ಚೆನ್ನಾಗಿದೆ, ಸಭೆಯಲ್ಲಿ ಚಪ್ಪಾಳೆಯೂ ಬಿತ್ತಂತೆ. ಆಟಿ ಅಮಾವಾಸ್ಯೆಯ ಮರುದಿನ ಹೊಸದು ಬರೆದು ತಂದಳು.

ಬೂಟು ದೊಡ್ಡದಾಯಿತು ಎಂದೆ.
ಬೆಳೆಯುತ್ತೀಯ ಬಿಡು ಎಂದರು.
ಹೆಸರು ಕೇಳಿದರು, ಹೇಳಿದೆ.
ಅದು ಬೇಡ ಎಂದು ಬೇರೆ ಇಟ್ಟರು.
ವಯಸ್ಸು ಮಾತ್ರ ಯಾರೂ ಕೇಳಲಿಲ್ಲ.

ಮಗು ಎಂಬ ಶಬ್ದ ಇಲ್ಲ, ಬಂದೂಕೂ ಇಲ್ಲ. ನಡುವಿನ ಮೂರು ಸಾಲಿನಲ್ಲೂ "ಎಂದರು", "ಕೇಳಿದರು", "ಇಟ್ಟರು" ಎನ್ನುವ ದೊಡ್ಡವರು ಇದ್ದಾರೆ. ಬೂಟಿನ ಸಾಲು ನನಗೆ ಬಹಳ ಇಷ್ಟ. ಬೆಳೆಯುತ್ತೀಯ ಬಿಡು ಎಂದು ನಾವೆಲ್ಲ ಮಕ್ಕಳಿಗೆ ಯೂನಿಫಾರ್ಮ್ ತೆಗೆದುಕೊಡುವಾಗ ಹೇಳುವ ಪ್ರೀತಿಯ ಮಾತು ಅದು. ಅದನ್ನೇ ಅಲ್ಲಿಟ್ಟಿದ್ದಾಳೆ. ಕೊನೆಯ ಸಾಲು ಬೇಕಾ ಎಂದು ಅವಳಿಗೆ ಅನುಮಾನ. ಇರಲಿ ಎಂಬುದು ನನ್ನ ಮತ.

ಇನ್ನು ಮಾಡಲಿಕ್ಕಿರುವುದು

ಹೆಣ್ಣುಮಕ್ಕಳ ಪುಟ ಇನ್ನೂ ಬಡವಾಗಿದೆ. ಬಾಲ ಸೈನಿಕರ ಬಗೆಗಿನ 2007ರ ಪ್ಯಾರಿಸ್ ತತ್ವಗಳು ಬಂದೂಕು ಹಿಡಿದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಡೆಗೆ ಅಡುಗೆ ಮಾಡಿದವರು, ಹೊರೆ ಹೊತ್ತವರು, ಸುದ್ದಿ ಮುಟ್ಟಿಸಿದವರು, ಲೈಂಗಿಕವಾಗಿ ಬಳಸಲ್ಪಟ್ಟ ಹುಡುಗಿಯರು, ಎಲ್ಲರೂ ಅದರಲ್ಲಿ ಬರುತ್ತಾರೆ. ನಾವು ಓದಿದ ಪದ್ಯಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬಂದೂಕು ಹಿಡಿದ ಹುಡುಗನ ಮೇಲೆ. ಅನ್ನ ಬೇಯಿಸಿದ ಹುಡುಗಿಯ ಪದ್ಯಗಳನ್ನು ಚೌತಿ ಕಳೆದ ಮೇಲೆ ಹುಡುಕಲಿಕ್ಕಿದೆ. ತುಳು, ಕೊಂಕಣಿ, ಬ್ಯಾರಿಯಲ್ಲೂ ನೋಡಬೇಕು.

ಇನ್ನೊಂದು ದೊಡ್ಡ ಕೆಲಸ ಇದೆ. ಫೆಬ್ರವರಿ 12ನ್ನು ಬಾಲ ಸೈನಿಕರ ಬಳಕೆಯ ವಿರುದ್ಧದ ದಿನವಾಗಿ, ಕೆಂಪು ಕೈಯ ಗುರುತು ಇಟ್ಟುಕೊಂಡು ಆಚರಿಸುತ್ತಾರೆ. ಅವತ್ತು ನಮ್ಮ ಜಗಲಿಯಲ್ಲೇ ಅಭಿಮನ್ಯು ಪ್ರಸಂಗದ ಒಂದು ಭಾಗವನ್ನು ತಾಳಮದ್ದಳೆ ಮಾಡುವುದು ಎಂದು ನಿಶ್ಚಯ ಆಗಿದೆ. ಮಾಸ್ಟ್ರು ಧರ್ಮರಾಯನ ಅರ್ಥಕ್ಕೆ ಒಪ್ಪಿದ್ದಾರೆ. ಸುಭದ್ರೆಯ ಅರ್ಥ ಅಕ್ಕನ ಮಗಳದ್ದು. ಮಗನನ್ನು ಕಳಿಸಿದವರ ಎದುರು ಅವಳನ್ನು ನೇರ ಕೂರಿಸಿ ಮಾತಾಡಿಸಬೇಕು ಎಂದು ಹುಡುಗಿಯರ ಹಟ. ಭಾಗವತರನ್ನು ಕೇಳಿ ಆಗಿದೆ, ಪದ್ಯಗಳ ಆಯ್ಕೆ ಬಾಕಿ.