ಎಚ್ಮಿಯಾಜಿನ್‌ನಲ್ಲಿ ಒಂದು ಪೂಜೆ

2025 ಅಕ್ಟೋಬರ್ 12, ಭಾನುವಾರ ರಾತ್ರಿ
ಯೆರೆವಾನ್, ಅರ್ಮೇನಿಯಾ

ಬೆಳಿಗ್ಗೆ ಇಲ್ಲಿಯವರು ಮಾರ್ಶ್ರುತ್ಕಾ ಎಂದು ಕರೆಯುವ ಸಣ್ಣ ವ್ಯಾನನ್ನು ಹಿಡಿದು, ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ವಾಘರ್ಶಾಪಾತ್ ಪಟ್ಟಣಕ್ಕೆ ಹೋದೆ. ಅಲ್ಲಿನ ಎಚ್ಮಿಯಾಜಿನ್ ಕ್ಯಾಥೆಡ್ರಲ್ ಅರ್ಮೇನಿಯನ್ ಅಪೋಸ್ಟಲಿಕ್ ಚರ್ಚಿನ ಮೂಲಪೀಠ. ಆರು ವರ್ಷಗಳ ಜೀರ್ಣೋದ್ಧಾರದ ನಂತರ 2024ರ ಸೆಪ್ಟೆಂಬರ್‌ನಲ್ಲಿ ಅದರ ಬಾಗಿಲು ಮತ್ತೆ ತೆರೆದಿದೆ. ನಾನು ಹೊರಟದ್ದು ಕಟ್ಟಡವನ್ನು ನೋಡುವುದಕ್ಕೆ. ಭಾನುವಾರದ ಪೂಜೆ ಇರುತ್ತದೆಂದು ಗೊತ್ತಿದ್ದರೂ, ಹಿಂದೆ ಎಲ್ಲಾದರೂ ಹತ್ತು ನಿಮಿಷ ನಿಂತು ಹೊರಗೆ ಬಂದರಾಯಿತು ಎಂದುಕೊಂಡಿದ್ದೆ. ಕೊನೆಗೆ ಎರಡು ಗಂಟೆ ನಿಂತೆ.

ನಿಂತೆ ಎನ್ನುವುದು ಅಕ್ಷರಶಃ ನಿಜ; ಬೆಂಚುಗಳಿದ್ದದ್ದು ಕೆಲವೇ, ಅವು ವಯಸ್ಸಾದವರಿಗೆ ಸಾಕಾಗುವಷ್ಟು. ತಲೆಗೆ ಸ್ಕಾರ್ಫ್ ಹೊದ್ದುಕೊಂಡು ಒಬ್ಬ ಅಜ್ಜಿಯ ಪಕ್ಕದಲ್ಲಿ ಜಾಗ ಹಿಡಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡಾಗ ನಾನು ತಲೆ ಬಾಗಿಸುವುದು, ಅವರು ಮಂಡಿಯೂರಿದಾಗ ನಾನೂ ಊರುವುದು ಎಂದು ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡೆ. ನಂಬಿಕೆಯಿಲ್ಲದೆ ಮಾಡುವ ಅನುಕರಣೆ ಮರ್ಯಾದೆಯೋ ನಟನೆಯೋ ಎಂಬ ಪ್ರಶ್ನೆ ಮಾತ್ರ ಪೂಜೆಯುದ್ದಕ್ಕೂ ಕಾಡುತ್ತಲೇ ಇತ್ತು.

ಈ ಪೂಜೆಯನ್ನು ಅವರು ಪತರಾಗ್ ಎನ್ನುತ್ತಾರೆ. ಪದದ ಅರ್ಥ ಅರ್ಪಣೆ, ಬಲಿ. ಕನ್ನಡದ ಕ್ರೈಸ್ತರ ಬಾಯಲ್ಲಿರುವ ಬಲಿಪೂಜೆ ಎಂಬ ಮಾತಿಗೆ ಬಹಳ ಹತ್ತಿರ. ನಡೆಯುವುದು ಗ್ರಬಾರ್ ಎಂಬ ಹಳೆಯ ಅರ್ಮೇನಿಯನ್ ಭಾಷೆಯಲ್ಲಿ. 405ರ ಸುಮಾರಿಗೆ ಮೆಸ್ರೋಪ್ ಮಾಷ್ತೋತ್ಸ್ ಲಿಪಿಯನ್ನು ರೂಪಿಸಿದ ಮೇಲೆ ಬೈಬಲ್ ಅನುವಾದವಾದದ್ದೂ ಅದೇ ಭಾಷೆಗೆ. ಹಾಗಾಗಿ ಅಲ್ಲಿ ನಿಂತವರಲ್ಲೂ ಹಲವರಿಗೆ ಆ ಮಾತುಗಳು ನಮಗೆ ಹಳಗನ್ನಡವಿದ್ದಂತೆ ಅರ್ಧ ತಿಳಿದು ಅರ್ಧ ಜಾರುತ್ತಿರಬೇಕು. (ಅಕ್ಟೋಬರ್‌ನಲ್ಲಿ ಈ ಚರ್ಚು ಪವಿತ್ರ ಅನುವಾದಕರ ಹಬ್ಬವನ್ನು ಆಚರಿಸುತ್ತದೆ. ಅನುವಾದಕರನ್ನು ಸಂತರ ಸಾಲಿಗೆ ಸೇರಿಸಿದ ಚರ್ಚಿನ ಮೇಲೆ ನನಗೆ ತಕ್ಷಣವೇ ಪಕ್ಷಪಾತ ಹುಟ್ಟಿತು.)

ಬಲಿಪೀಠ ಎತ್ತರದ ವೇದಿಕೆಯ ಮೇಲಿದೆ, ಅದರ ಮುಂದೊಂದು ದೊಡ್ಡ ಪರದೆ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಸಿದ್ಧಪಡಿಸುವುದು ಪರದೆಯ ಹಿಂದೆ. ಆಗ ಗಾಯಕವೃಂದದ ದನಿಯೊಂದೇ ನಮ್ಮ ಪಾಲಿಗೆ. ಪರದೆ ಸರಿದ ಮೇಲೆ ಪಾದ್ರಿ ಧೂಪದೊಂದಿಗೆ ಕೆಳಗಿಳಿದು ಜನರ ನಡುವೆ ಸುತ್ತಿ ಬಂದರು. ವೇದಿಕೆಯ ಮೇಲಿದ್ದವರ ಕಾಲಲ್ಲಿ ಬೂಟುಗಳಿರಲಿಲ್ಲ, ಮೆತ್ತನೆಯ ಚಪ್ಪಲಿಗಳಿದ್ದವು. ಉದ್ದನೆಯ ಕೋಲಿನ ತುದಿಗೆ ಲೋಹದ ತಟ್ಟೆಯನ್ನು ಕೂರಿಸಿ, ಸುತ್ತ ಪುಟ್ಟ ಗೆಜ್ಜೆಗಳನ್ನು ಕಟ್ಟಿದ ಕ್ಷೋತ್ಸ್ ಎಂಬ ಬೀಸಣಿಗೆಯನ್ನು ಕೆಲವು ಘಟ್ಟಗಳಲ್ಲಿ ಅಲುಗಾಡಿಸುತ್ತಾರೆ. ಭಾಷೆ ತಿಳಿಯದ ನನಗೆ ಈಗ ಏನೋ ಮುಖ್ಯವಾದದ್ದು ನಡೆಯುತ್ತಿದೆ ಎಂದು ಹೇಳುತ್ತಿದ್ದದ್ದು ಆ ಗೆಜ್ಜೆಯ ಸದ್ದೇ.

ನಡುವೆ ಒಮ್ಮೆ ಡೀಕನ್, ಅಂದರೆ ಪೂಜೆಯಲ್ಲಿ ಪಾದ್ರಿಗೆ ನೆರವಾಗುವ ಸೇವಕ, ಜನರ ಕಡೆಗೆ ಏನನ್ನೋ ಗಟ್ಟಿಯಾಗಿ ಸಾರಿದರು. ಯಾರೂ ಕದಲಲಿಲ್ಲ, ನಾನೂ ಕದಲಲಿಲ್ಲ. ಸ್ವಲ್ಪ ಹೊತ್ತಿನ ನಂತರ ಬಲಿಪೀಠದ ಕಡೆಯಿಂದ ಒಂದು ಚಲನೆ ಆರಂಭವಾಯಿತು. ಒಬ್ಬರು ಪಕ್ಕದವರ ಕಡೆಗೆ ತಿರುಗಿ, ಕೆನ್ನೆಗೆ ಕೆನ್ನೆ ತಾಗಿಸುವಂತೆ ಒಂದು ಕಡೆಗೂ ಇನ್ನೊಂದು ಕಡೆಗೂ ಬಾಗಿ ಮೆಲ್ಲನೆ ಏನೋ ಹೇಳುತ್ತಾರೆ. ಕೇಳಿಸಿಕೊಂಡವರು ಉತ್ತರ ಕೊಟ್ಟು ತಮ್ಮ ಪಕ್ಕದವರ ಕಡೆಗೆ ತಿರುಗುತ್ತಾರೆ. ಅದು ಸಾಲಿನಿಂದ ಸಾಲಿಗೆ ದಾಟಿ ನನ್ನತ್ತಲೇ ಬರುತ್ತಿರುವುದನ್ನು, ಪಾಠ ಓದದ ಹುಡುಗಿ ಮೇಷ್ಟರು ಹತ್ತಿರವಾಗುವುದನ್ನು ನೋಡುವಂತೆ ನೋಡುತ್ತಿದ್ದೆ. ಅಜ್ಜಿ ತಿರುಗಿದರು, ಬಾಗಿದರು, ಹೇಳಿದರು. ನಾನು ಕೈಯನ್ನು ಎದೆಯ ಮೇಲಿಟ್ಟು ತಲೆಯಾಡಿಸಿದೆ, ಅಷ್ಟೇ. ಅವರು ಅರೆಕ್ಷಣ ಕಾದರು. ನಂತರ ನನ್ನ ತೋಳನ್ನು ಮುಟ್ಟಿ, ನನ್ನನ್ನು ದಾಟಿ ಆಚೆಗಿದ್ದ ಯುವಕನಿಗೆ ಅದೇ ಮಾತನ್ನು ಹೇಳಿದರು. ಸರಪಳಿ ನನ್ನಲ್ಲಿ ತುಂಡಾಗದಂತೆ ಅವರು ನೋಡಿಕೊಂಡರು.

ಪೂಜೆ ಮುಗಿದ ಮೇಲೆ ಜನ ಪೀಠಕ್ಕೆ ಬೆನ್ನು ತೋರಿಸದಂತೆ ಹಿಮ್ಮುಖವಾಗಿ ನಡೆದು ಹೊರಬರತೊಡಗಿದರು. ಅದನ್ನು ಅನುಕರಿಸಲು ಹೋಗಿ ಹಿಂದಿನವರೊಬ್ಬರ ಕಾಲು ತುಳಿದೆ.

ಇಂದು ಸಂಜೆ ಇಂಗ್ಲಿಷ್ ಅನುವಾದವಿರುವ ಪೂಜಾಪುಸ್ತಕವೊಂದನ್ನು ಕೊಂಡು ತಂದು, ಈಗ ಕೋಣೆಯಲ್ಲಿ ಓದುತ್ತಿದ್ದೇನೆ. ಡೀಕನ್ ಸಾರಿದ್ದೇನೆಂದು ಈಗ ತಿಳಿಯಿತು: ದೀಕ್ಷಾಸ್ನಾನವನ್ನು ಇನ್ನೂ ಪಡೆಯದವರು, ನಂಬಿಕೆ ಸಾಲದವರು ಈ ದಿವ್ಯ ರಹಸ್ಯದ ಸಮೀಪಕ್ಕೆ ಬರಬಾರದು. ಎರಡೂ ಪಟ್ಟಿಗಳಲ್ಲಿ ನನ್ನ ಹೆಸರಿದೆ. ಪುಸ್ತಕದ ಕ್ರಮವನ್ನು ನೋಡಿದರೆ, ಆ ಎಚ್ಚರಿಕೆಯಾದ ಕೆಲವೇ ಪುಟಗಳ ನಂತರ ಶಾಂತಿಯ ವಂದನೆ, ಅಂದರೆ ಸಾಲಿನಿಂದ ಸಾಲಿಗೆ ದಾಟಿ ಬಂದ ಆ ಮಾತು, ಬರುತ್ತದೆ. ಮೊದಲನೆಯದು ಅರ್ಥವಾಗಿದ್ದರೆ ನಾನು ಬಹುಶಃ ಸಂಕೋಚದಿಂದ ಹೊರಗೆ ಹೋಗಿಬಿಡುತ್ತಿದ್ದೆ, ಎರಡನೆಯದು ನನ್ನವರೆಗೆ ಬರುತ್ತಲೇ ಇರಲಿಲ್ಲ.

ಅಜ್ಜಿ ಹೇಳಿದ್ದು, ಕ್ರಿಸ್ತನು ನಮ್ಮ ನಡುವೆ ಪ್ರಕಟನಾದನು ಎಂದು. ಕೊಡಬೇಕಾಗಿದ್ದ ಉತ್ತರ: ಓರ್ಹ್ನ್ಯಾಲ್ ಎ ಹಾಯ್ತ್‌ನುಥ್ಯುನ್ ಕ್ರಿಸ್ತೋಸಿ, ಅಂದರೆ ಕ್ರಿಸ್ತನ ಆ ಪ್ರಕಟಣೆಗೆ ಸ್ತೋತ್ರ. ಗೊತ್ತಿದ್ದರೂ ನನ್ನ ಬಾಯಿಂದ ಅದು ಬರುತ್ತಿತ್ತೇ ಎಂದು ಯೋಚಿಸುತ್ತಾ, ನಾಲ್ಕು ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿ ನೋಡಿದೆ. ಮೂರನೆಯ ಪದದಲ್ಲಿ ನಾಲಿಗೆ ತಡವರಿಸಿತು.